ಅಡ್ಮಿನ್ ಪಾಸ್‌ವರ್ಡ್ ಹಂಚದೆ ಹಳೆಯ ಪ್ರೋಗ್ರಾಂ ಓಡಿಸಲು: ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್ ವಿಮರ್ಶೆ

ವಿಂಡೋಸ್ ಎಕ್ಸ್‌ಪಿ ಕಾಲದ ಲೆಕ್ಕಪತ್ರದ ಪ್ರೋಗ್ರಾಂ ಒಂದನ್ನು ಇವತ್ತಿನ ವಿಂಡೋಸಿನಲ್ಲಿ ಸಾಮಾನ್ಯ ಬಳಕೆದಾರರ ಖಾತೆಯಿಂದ ತೆರೆದು ನೋಡಿ. ಒಂದೋ ತೆರೆಯುವುದೇ ಇಲ್ಲ. ಇಲ್ಲವೇ ತೆರೆದು, ತಲೆಬುಡ ಅರ್ಥವಾಗದ ಒಂದು ಎರರ್ ತೋರಿಸಿ ಮುಚ್ಚಿಕೊಳ್ಳುತ್ತದೆ. ಅದೂ ಅಲ್ಲವಾದರೆ ಎಲ್ಲ ಸರಿಯಿದ್ದಂತೆಯೇ ಓಡುತ್ತದೆ, ಆದರೆ ಒಬ್ಬರು ಬರೆದ ಲೆಕ್ಕ ಅದೇ ಯಂತ್ರದಲ್ಲಿ ಇನ್ನೊಬ್ಬರು ಲಾಗಿನ್ ಆದಾಗ ಕಾಣುವುದಿಲ್ಲ. ಮೂರರಲ್ಲಿ ಈ ಕೊನೆಯದೇ ಕೆಟ್ಟದ್ದು. ಏನೋ ತಪ್ಪಿದೆ ಎಂಬುದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಎಲ್ಲರೂ ಮಾಡುವ ಮದ್ದು 'ರನ್ ಆಸ್ ಅಡ್ಮಿನಿಸ್ಟ್ರೇಟರ್'. ಮೈಕ್ರೋಸಾಫ್ಟ್ ತಾನೇ ಉಚಿತವಾಗಿ ಕೊಡುವ ಇನ್ನೊಂದು ಮದ್ದು ಇದೆ, ಹೆಸರು ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್. ವಿಂಡೋಸ್ ಎಡಿಕೆ ಎಂಬ ದೊಡ್ಡ ಕಟ್ಟಿನೊಳಗೆ ಬರುತ್ತದೆ. ಇನ್‌ಸ್ಟಾಲ್ ಮಾಡುವಾಗ ಮಿಕ್ಕ ಟಿಕ್‌ಗಳನ್ನೆಲ್ಲ ತೆಗೆದು 'ಅಪ್ಲಿಕೇಷನ್ ಕಂಪ್ಯಾಟಿಬಿಲಿಟಿ ಟೂಲ್ಸ್' ಒಂದನ್ನೇ ಇಟ್ಟುಕೊಂಡರೆ ಸಾಕು, ಉಳಿದದ್ದು ಈ ಕೆಲಸಕ್ಕೆ ಬೇಡ. ಜೊತೆಗೆ ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಮಾನಿಟರ್ ಇರಲೇಬೇಕು, ಪ್ರೋಗ್ರಾಂ ಏನೇನು ಮುಟ್ಟುತ್ತದೆ ಎಂಬುದನ್ನು ಸಾಲು ಸಾಲಾಗಿ ದಾಖಲಿಸುವ ಟೂಲ್ ಅದು. ಅದಿಲ್ಲದೆ ಇದನ್ನು ಬಳಸುವುದು ಕತ್ತಲಲ್ಲಿ ತಡಕಾಡಿದಂತೆ.

ಮೊದಲು ಕಾಯಿಲೆಯ ಬಗ್ಗೆ. ಎಕ್ಸ್‌ಪಿ ಸೆಟಪ್ ವೇಳೆ ಸೃಷ್ಟಿಯಾಗುತ್ತಿದ್ದ ಖಾತೆಗಳೆಲ್ಲ ಅಡ್ಮಿನ್ ಖಾತೆಗಳೇ. ಹಾಗಾಗಿ ಪ್ರೋಗ್ರಾಂ ಬರೆದವರು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಡೇಟಾಬೇಸ್ ಇಟ್ಟರು, ಅಲ್ಲೇ ಸೆಟ್ಟಿಂಗ್ ಇಡುವ ಐಎನ್‌ಐ ಫೈಲಿಗೆ ಬರೆದರು, ವಿಂಡೋಸಿನ ಸೆಟ್ಟಿಂಗ್ ಕಣಜವಾದ ರಿಜಿಸ್ಟ್ರಿಯಲ್ಲಿ ಇಡೀ ಯಂತ್ರಕ್ಕೆ ಸೇರಿದ ಲೋಕಲ್ ಮೆಷಿನ್ ಕೊಂಬೆಯನ್ನು ಓದುವುದಕ್ಕೂ ಪೂರ್ತಿ ಹಕ್ಕು ಕೇಳಿ ತೆರೆದರು. ಯಾರೂ ತಡೆಯಲಿಲ್ಲ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ, ಯೂಸರ್ ಅಕೌಂಟ್ ಕಂಟ್ರೋಲ್ (ಯುಎಸಿ) ತಂದಿತು. ಅಂದಿನಿಂದ ಅಡ್ಮಿನ್ ಖಾತೆಯಲ್ಲಿದ್ದರೂ ಪ್ರೋಗ್ರಾಂಗಳು ಸಾಮಾನ್ಯ ಹಕ್ಕಿನಲ್ಲೇ ಶುರುವಾಗುತ್ತವೆ, ಒಪ್ಪಿಗೆ ಕೊಟ್ಟರೆ ಮಾತ್ರ ಮೇಲಿನ ಹಕ್ಕು ಸಿಗುತ್ತದೆ.

'ರನ್ ಆಸ್ ಅಡ್ಮಿನಿಸ್ಟ್ರೇಟರ್' ಟಿಕ್ ಹಾಕಿ ಕೈತೊಳೆದುಕೊಂಡರೆ ಏನಾಗುತ್ತದೆ? ಭದ್ರತೆಯ ಮಾತು ಹಾಗಿರಲಿ, ಕೆಲಸವೇ ಕೆಡುತ್ತದೆ. ಸಾಮಾನ್ಯ ಸೆಷನ್ನಿನಲ್ಲಿ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್ ಮೇಲಿನ ಹಕ್ಕಿನ ಪ್ರೋಗ್ರಾಮಿಗೆ ಕಾಣುವುದಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಲಾಗಿನ್ ಸೆಷನ್ನುಗಳು. ಎಕ್ಸ್‌ಪ್ಲೋರರ್‌ನಿಂದ ಫೈಲನ್ನು ಎಳೆದು ಅದರ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ, ಕೆಳಗಿನ ಹಕ್ಕಿನ ಕಿಟಕಿ ಮೇಲಿನ ಹಕ್ಕಿನ ಕಿಟಕಿಗೆ ಸಂದೇಶ ಕಳಿಸುವಂತಿಲ್ಲ. ಸಾಮಾನ್ಯ ಖಾತೆಯಲ್ಲಿ ಕೂತವರು ಅಡ್ಮಿನ್ನಿನ ಪಾಸ್‌ವರ್ಡ್ ಕೊಟ್ಟು ತೆರೆದರೆ ಪ್ರೋಗ್ರಾಂ ಓಡುವುದು ಆ ಅಡ್ಮಿನ್ನಿನ ಹೆಸರಿನಲ್ಲಿ. ಅದರ ಸೆಟ್ಟಿಂಗ್, ಡಾಕ್ಯುಮೆಂಟ್ಸ್ ಫೋಲ್ಡರ್, ಪ್ರಿಂಟರ್ ಆಯ್ಕೆ ಎಲ್ಲವೂ ಅಡ್ಮಿನ್ನಿನವು. 'ನಿನ್ನೆ ಸೇವ್ ಮಾಡಿದ ಫೈಲ್ ಎಲ್ಲಿ ಹೋಯಿತು' ಎಂಬ ಪ್ರಶ್ನೆಯ ಹಿಂದೆ ಅನೇಕ ಸಲ ಇದೇ ಇರುತ್ತದೆ. ಇನ್ನು ಯುಎಸಿಯನ್ನೇ ಪೂರ್ತಿ ಆರಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಅದರ ಜೊತೆಗೆ ಹಳೆಯ ಪ್ರೋಗ್ರಾಂಗಳನ್ನು ಅಷ್ಟಿಷ್ಟು ಕಾಪಾಡುತ್ತಿದ್ದ ವರ್ಚುವಲೈಸೇಷನ್ನೂ ಆರಿಹೋಗುತ್ತದೆ.

ಆ ವರ್ಚುವಲೈಸೇಷನ್ ಏನೆಂದು ತಿಳಿಯದೆ ಈ ಟೂಲನ್ನು ಮುಟ್ಟಬಾರದು. ಮ್ಯಾನಿಫೆಸ್ಟಿನಲ್ಲಿ (ಪ್ರೋಗ್ರಾಂ ತನ್ನ ಬಗ್ಗೆ ವಿಂಡೋಸಿಗೆ ಹೇಳಿಕೊಳ್ಳುವ ವಿವರಪಟ್ಟಿಯಲ್ಲಿ) ಹಕ್ಕಿನ ಮಟ್ಟ ಹೇಳದ 32 ಬಿಟ್ ಪ್ರೋಗ್ರಾಂ ಒಂದು ಪ್ರೋಗ್ರಾಂ ಫೈಲ್ಸ್ ಅಥವಾ ವಿಂಡೋಸ್ ಫೋಲ್ಡರಿಗೆ ಬರೆಯಲು ಹೋದರೆ, ವಿಂಡೋಸ್ ಅದನ್ನು ತಡೆಯುವ ಬದಲು ಸದ್ದಿಲ್ಲದೆ ಆ ಬಳಕೆದಾರರ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ತಿರುಗಿಸುತ್ತದೆ. ಮುಂದೆ ಓದುವಾಗಲೂ ಮೊದಲು ಅಲ್ಲೇ ಹುಡುಕುತ್ತದೆ. ಪ್ರೋಗ್ರಾಂ 'ಬರೆದೆ' ಅಂದುಕೊಳ್ಳುತ್ತದೆ, ನಿಜವಾದ ಫೈಲ್ ಮಾತ್ರ ಇದ್ದಂತೆಯೇ ಇರುತ್ತದೆ. ಪ್ರತಿ ಬಳಕೆದಾರರಿಗೂ ಒಂದೊಂದು ನಕಲು. ಹಂಚಿಕೊಳ್ಳಬೇಕಾದ ಲೆಕ್ಕ ನಾಲ್ಕು ಹೋಳಾಗುವುದು ಹೀಗೆ. ಅದೇ ಪ್ರೋಗ್ರಾಮನ್ನು ಒಂದು ದಿನ ಅಡ್ಮಿನ್ ಹಕ್ಕಿನಲ್ಲಿ ತೆರೆದರೆ ಅದು ಮೂಲ ಫೈಲನ್ನು ಓದುತ್ತದೆ, ತಿಂಗಳುಗಟ್ಟಲೆ ಬರೆದದ್ದೆಲ್ಲ ಮಾಯವಾದಂತೆ ಕಾಣುತ್ತದೆ. ಅಪ್‌ಡೇಟ್ ಹಾಕಿ ಹೊಸ ಐಎನ್‌ಐ ಫೈಲ್ ಇಟ್ಟರೂ ಬಳಕೆದಾರರಿಗೆ ಹಳೆಯದೇ ಕಾಣುತ್ತಿದ್ದರೆ ವರ್ಚುವಲ್‌ಸ್ಟೋರಿನ ನಕಲು ಅಡ್ಡ ನಿಂತಿದೆ ಎಂದರ್ಥ. ಬ್ಯಾಕಪ್ಪಿನಲ್ಲಿ ಪ್ರೋಗ್ರಾಂ ಫೋಲ್ಡರನ್ನು ಮಾತ್ರ ಸೇರಿಸಿದ್ದರೆ ನಿಜವಾದ ಡೇಟಾ ಒಂದು ದಿನವೂ ಬ್ಯಾಕಪ್ ಆಗಿರುವುದಿಲ್ಲ.

ಪತ್ತೆ ಮಾಡುವುದು ಸುಲಭ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ 'ಯುಎಸಿ ವರ್ಚುವಲೈಸೇಷನ್' ಕಾಲಂ ಸೇರಿಸಿ. ಆ ಪ್ರೋಗ್ರಾಂ ಎದುರು 'ಎನೇಬಲ್ಡ್' ಎಂದಿದ್ದರೆ ವರ್ಚುವಲ್‌ಸ್ಟೋರ್ ಫೋಲ್ಡರ್ ತೆರೆದು ನೋಡಲೇಬೇಕು. 64 ಬಿಟ್ ಪ್ರೋಗ್ರಾಂಗಳಿಗೆ ಈ ಸೌಲಭ್ಯ ಇಲ್ಲವೇ ಇಲ್ಲ, ಅವು ನೇರವಾಗಿ ಬೀಳುತ್ತವೆ. ಇಎಕ್ಸ್‌ಇ, ಡಿಎಲ್‌ಎಲ್‌ನಂಥ ಫೈಲುಗಳನ್ನೂ ವಿಂಡೋಸ್ ಹೀಗೆ ತಿರುಗಿಸುವುದಿಲ್ಲ. ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುವ ಹಳೆಯ ಪ್ರೋಗ್ರಾಂಗಳು ಸೋಲುವುದು ಅದಕ್ಕೇ. ಅವಕ್ಕೆ ಮದ್ದು ಹುಡುಕುವುದು ವ್ಯರ್ಥ, ಆಟೋ ಅಪ್‌ಡೇಟ್ ಆರಿಸಿ ಅಡ್ಮಿನ್ನೇ ಕೂತು ಅಪ್‌ಡೇಟ್ ಹಾಕುವುದು ಮೇಲು.

ಈಗ ಪ್ರೋಸೆಸ್ ಮಾನಿಟರ್. ಇದನ್ನು ಅಡ್ಮಿನ್ ಹಕ್ಕಿನಲ್ಲಿ ತೆರೆಯಬೇಕು, ಹಳೆಯ ಪ್ರೋಗ್ರಾಮನ್ನು ಮಾತ್ರ ಸಾಮಾನ್ಯ ಖಾತೆಯಲ್ಲೇ. ಕಂಟ್ರೋಲ್ ಎಲ್ ಒತ್ತಿ ಎರಡು ಫಿಲ್ಟರ್ ಹಾಕಿ: 'ಪ್ರೋಸೆಸ್ ನೇಮ್' ಎಂಬುದು ಆ ಪ್ರೋಗ್ರಾಮಿನ ಇಎಕ್ಸ್‌ಇ ಹೆಸರು, 'ರಿಸಲ್ಟ್' ಎಂಬುದು 'ಆಕ್ಸೆಸ್ ಡಿನೈಡ್'. ಫಿಲ್ಟರ್ ಮೆನುವಿನಲ್ಲಿ 'ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್' ಆನ್ ಮಾಡಿದರೆ ಮೆಮೊರಿ ಉಳಿಯುತ್ತದೆ, ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಲಕ್ಷಗಟ್ಟಲೆ ಸಾಲುಗಳು ತುಂಬುತ್ತವೆ. ಪ್ರೋಗ್ರಾಂ ಎರರ್ ತೋರಿಸಿದ ಕೂಡಲೇ ಅದರ 'ಓಕೆ' ಒತ್ತಬೇಡಿ. ಡಬ್ಬಿ ಪರದೆಯ ಮೇಲೆ ಇದ್ದಂತೆಯೇ ಕಂಟ್ರೋಲ್ ಇ ಒತ್ತಿ ದಾಖಲು ನಿಲ್ಲಿಸಿ, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. 'ಡಿನೈಡ್' ಅಂದದ್ದೆಲ್ಲ ತಪ್ಪಲ್ಲ. ಪೂರ್ತಿ ಹಕ್ಕು ಕೇಳಿ, ಸಿಗದಿದ್ದಾಗ ಓದುವ ಹಕ್ಕನ್ನಷ್ಟೇ ಕೇಳಿ ಮುಂದೆ ಹೋಗುವ ಪ್ರೋಗ್ರಾಂಗಳು ಬೇಕಾದಷ್ಟಿವೆ. ಎರರ್ ಡಬ್ಬಿಗೆ ತೀರ ಹತ್ತಿರದ ಒಂದೆರಡು ಸಾಲುಗಳಲ್ಲೇ ಕಳ್ಳ ಇರುವುದು ಹೆಚ್ಚು. ಆ ಸಾಲಿನ ವಿವರದಲ್ಲಿ 'ಡಿಸೈರ್ಡ್ ಆಕ್ಸೆಸ್' ನೋಡಿ. ರಿಜಿಸ್ಟ್ರಿ ಕೀಗೆ 'ಆಲ್ ಆಕ್ಸೆಸ್' ಎಂದಿದ್ದರೆ ಅದು ಓದಲಷ್ಟೇ ಬಂದದ್ದಿರಬಹುದು, ಫೈಲಿಗೆ 'ಜನರಿಕ್ ರೈಟ್' ಎಂದಿದ್ದರೆ ಬರೆಯುವುದಕ್ಕೇ ಬಂದದ್ದು. ಏನೂ ಡಿನೈಡ್ ಇಲ್ಲ, ಆದರೂ ಡೇಟಾ ಕಾಣದು ಎಂದಾದರೆ ರಿಸಲ್ಟ್ ಫಿಲ್ಟರನ್ನು 'ರೀಪಾರ್ಸ್' ಎಂದು ಬದಲಿಸಿ ಮತ್ತೊಮ್ಮೆ ದಾಖಲಿಸಿ. ವರ್ಚುವಲ್‌ಸ್ಟೋರಿಗೆ ತಿರುಗಿದ ಕರೆಗಳು ಅಲ್ಲಿ ಸಿಗುತ್ತವೆ.

ರೋಗ ಗೊತ್ತಾದ ಮೇಲೆ ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್ ತೆರೆಯಿರಿ. ಇದು 32 ಮತ್ತು 64 ಬಿಟ್ ಎಂದು ಎರಡು ರೂಪದಲ್ಲಿ ಇನ್‌ಸ್ಟಾಲ್ ಆಗುತ್ತದೆ. ವಿಂಡೋಸ್ 64 ಬಿಟ್ ಆಗಿದ್ದರೂ ಹಳೆಯ ಪ್ರೋಗ್ರಾಂ 32 ಬಿಟ್ ಆಗಿದ್ದರೆ 32 ಬಿಟ್ ರೂಪವನ್ನೇ ತೆರೆಯಬೇಕು. ಮೊದಲ ಸಲ ಬಳಸುವವರು ಎಡವುವುದು ಇಲ್ಲೇ. ನೋಟ ಹಳೆಯದು: ಎಡಕ್ಕೆ ಮರದಂಥ ಪಟ್ಟಿ, ಬಲಕ್ಕೆ ವಿವರ. 'ಕಸ್ಟಮ್ ಡೇಟಾಬೇಸಸ್' ಅಡಿಯಲ್ಲಿ ಹೊಸ ಡೇಟಾಬೇಸ್ ಮಾಡಿ, ಅದರ ಮೇಲೆ ಬಲ ಕ್ಲಿಕ್ ಮಾಡಿ 'ಕ್ರಿಯೇಟ್ ನ್ಯೂ', 'ಅಪ್ಲಿಕೇಷನ್ ಫಿಕ್ಸ್' ಆರಿಸಿದರೆ ವಿಝಾರ್ಡ್ ಬರುತ್ತದೆ. ಹೆಸರು, ಇಎಕ್ಸ್‌ಇ ಇರುವ ಜಾಗ, ಮೋಡ್, ಫಿಕ್ಸ್, ಕೊನೆಗೆ ಗುರುತಿಸುವ ವಿವರ. ಮೋಡ್ ಪುಟವನ್ನು ಖಾಲಿ ಬಿಟ್ಟು ಮುಂದೆ ಹೋಗಿ. ಮೋಡ್ ಎಂದರೆ ಹತ್ತಾರು ಫಿಕ್ಸ್‌ಗಳ ಗಂಟು. ಒಂದೇ ಗುಳಿಗೆ ಬೇಕಾದಾಗ ಇಡೀ ಪೆಟ್ಟಿಗೆ ನುಂಗುವ ಅಗತ್ಯವಿಲ್ಲ.

ಫಿಕ್ಸ್ ಅಂದರೆ ಶಿಮ್. ಪ್ರೋಗ್ರಾಂ ವಿಂಡೋಸಿಗೆ ಮಾಡುವ ಕರೆಯ ನಡುವೆ ಕೂತು ಉತ್ತರ ಬದಲಿಸುವ ಸಣ್ಣ ತುಂಡು. ಪ್ರೋಗ್ರಾಮಿನ ಪ್ರೋಸೆಸ್ ಒಳಗೇ ಓಡುವುದರಿಂದ ಪ್ರೋಗ್ರಾಮಿಗೆ ಇಲ್ಲದ ಹಕ್ಕು ಶಿಮ್‌ಗೂ ಇರುವುದಿಲ್ಲ. ಅದು ಸುಳ್ಳು ಹೇಳಬಲ್ಲದು, ದಾರಿ ತಿರುಗಿಸಬಲ್ಲದು, ಬೀಗ ತೆಗೆಯಲಾರದು. ಈ ಟೂಲಿನ ಮೇಲೆ ನಂಬಿಕೆ ಇಡಲು ಇದೇ ಕಾರಣ.

ಪಟ್ಟಿಯಲ್ಲಿ ನೂರಾರು ಶಿಮ್‌ಗಳಿದ್ದರೂ ಪರ್ಮಿಷನ್ ವಿಷಯಕ್ಕೆ ಪದೇ ಪದೇ ಬೇಕಾಗುವುದು ಮೂರು. 'ಫೋರ್ಸ್‌ಅಡ್ಮಿನ್‌ಆಕ್ಸೆಸ್' ಮೊದಲನೆಯದು. 'ಈ ಬಳಕೆದಾರರು ಅಡ್ಮಿನ್ನೇ?' ಎಂದು ಪ್ರೋಗ್ರಾಂ ಕೇಳಿದರೆ 'ಹೌದು' ಎನ್ನುತ್ತದೆ. ಶುರುವಿನಲ್ಲಿ ಒಮ್ಮೆ ಹೀಗೆ ಕೇಳಿ, ಆಮೇಲೆ ಅಡ್ಮಿನ್ ಹಕ್ಕು ಬೇಕಾದ ಒಂದು ಕೆಲಸವನ್ನೂ ಮಾಡದ ಪ್ರೋಗ್ರಾಂಗಳಿಗೆ ಇಷ್ಟೇ ಸಾಕು. 'ರನ್‌ಆಸ್‌ಇನ್‌ವೋಕರ್' ಎರಡನೆಯದು. ಮ್ಯಾನಿಫೆಸ್ಟಿನಲ್ಲಿ ಅಡ್ಮಿನ್ ಬೇಕೇಬೇಕು ಎಂದು ಬರೆದುಕೊಂಡ ಪ್ರೋಗ್ರಾಮನ್ನು ಕರೆದವರ ಹಕ್ಕಿನಲ್ಲೇ ಶುರು ಮಾಡುತ್ತದೆ. ಮ್ಯಾನಿಫೆಸ್ಟ್ ಇಲ್ಲದ 32 ಬಿಟ್ ಫೈಲಿನ ಹೆಸರಿನಲ್ಲಿ 'ಸೆಟಪ್', 'ಇನ್‌ಸ್ಟಾಲ್', 'ಅಪ್‌ಡೇಟ್' ಎಂಬ ಪದ ಇದ್ದರೂ ವಿಂಡೋಸ್ ಅದನ್ನು ಇನ್‌ಸ್ಟಾಲರ್ ಎಂದು ಊಹಿಸಿ ಪಾಸ್‌ವರ್ಡ್ ಕೇಳುತ್ತದೆ, ಅಲ್ಲಿಗೂ ಇದೇ ಮದ್ದು. ಶಿಮ್ ಮಾಡುವ ಮೊದಲೇ ಪರೀಕ್ಷಿಸಬೇಕೆಂದರೆ ಒಂದು ಬ್ಯಾಚ್ ಫೈಲಿನಲ್ಲಿ ಎರಡು ಅಂಡರ್‌ಸ್ಕೋರ್, ಕಂಪ್ಯಾಟ್, ಒಂದು ಅಂಡರ್‌ಸ್ಕೋರ್, ಲೇಯರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 'ರನ್‌ಆಸ್‌ಇನ್‌ವೋಕರ್' ಎಂಬ ಬೆಲೆ ಕೊಟ್ಟು, ಮುಂದಿನ ಸಾಲಿನಲ್ಲಿ ಪ್ರೋಗ್ರಾಮನ್ನು ಕರೆದರೆ ಆಯಿತು. ನೆನಪಿರಲಿ, ಇದು ಹಕ್ಕು ಕೇಳುವ ಬಾಯಿ ಮುಚ್ಚಿಸುತ್ತದೆಯೇ ಹೊರತು ಹಕ್ಕು ಕೊಡುವುದಿಲ್ಲ.

ಮೂರನೆಯದು 'ಕರೆಕ್ಟ್‌ಫೈಲ್‌ಪಾತ್ಸ್'. ತಪ್ಪು ಜಾಗಕ್ಕೆ ಹೋಗುವ ಫೈಲ್ ಕರೆಯನ್ನು ಸರಿ ಜಾಗಕ್ಕೆ ತಿರುಗಿಸುತ್ತದೆ. ಶಿಮ್ ಆರಿಸಿ 'ಪ್ಯಾರಾಮೀಟರ್ಸ್' ಒತ್ತಿ, ಕಮಾಂಡ್ ಲೈನ್ ಡಬ್ಬಿಯಲ್ಲಿ ಹಳೆಯ ಪಾತ್, ಸೆಮಿಕೋಲನ್, ಹೊಸ ಪಾತ್ ಬರೆಯಬೇಕು. ಖಾಲಿ ಡಬ್ಬಿ ಹೇಗೆ ತುಂಬಬೇಕು ಎಂಬ ಸುಳಿವನ್ನು ಕೊಡುವುದಿಲ್ಲ, ಒಂದು ಅಕ್ಷರ ತಪ್ಪಿದರೂ ಎರರ್ ಬರುವುದಿಲ್ಲ, ಶಿಮ್ ಸುಮ್ಮನೆ ಕೆಲಸ ಮಾಡುವುದಿಲ್ಲ. ಇಷ್ಟು ವರ್ಷಗಳಾದರೂ ಇದನ್ನು ಸರಿಮಾಡದಿರುವುದು ಸೋಮಾರಿತನವಲ್ಲದೆ ಬೇರೇನಲ್ಲ.

ಇದಕ್ಕಿಂತ ದೊಡ್ಡ ಹೊಂಡ ಪಕ್ಕದಲ್ಲೇ ಇದೆ. ಶಿಮ್‌ಗಳು ಸಿಸ್ಟಂ ಫೋಲ್ಡರಿನ ಡಿಎಲ್‌ಎಲ್‌ಗಳಿಂದ ಹೊರಡುವ ಕರೆಗಳನ್ನು ತಾವಾಗಿ ಮುಟ್ಟುವುದಿಲ್ಲ. ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಪ್ರೋಗ್ರಾಂಗಳಲ್ಲಿ ಫೈಲ್ ತೆರೆಯುವ ಕರೆ ಹೊರಡುವುದು ಪ್ರೋಗ್ರಾಮಿನಿಂದಲ್ಲ, ಸಿಸ್ಟಂ ಫೋಲ್ಡರಿನಲ್ಲಿ ಕೂತ ಎಂಎಸ್‌ವಿಬಿವಿಎಂ60 ಎಂಬ ರನ್‌ಟೈಮ್ ಡಿಎಲ್‌ಎಲ್‌ನಿಂದ. ಅದೇ ಪ್ಯಾರಾಮೀಟರ್ಸ್ ಕಿಟಕಿಯಲ್ಲಿ ಮಾಡ್ಯೂಲ್ ಹೆಸರಿನ ಜಾಗದಲ್ಲಿ ಈ ಡಿಎಲ್‌ಎಲ್ ಹೆಸರು ಬರೆದು 'ಇನ್‌ಕ್ಲೂಡ್' ಎಂದು ಸೇರಿಸದಿದ್ದರೆ, ಶಿಮ್ ಹಚ್ಚಿದ್ದೂ ಒಂದೇ ಬಿಟ್ಟದ್ದೂ ಒಂದೇ. 'ಈ ಟೂಲ್ ಕೆಲಸಕ್ಕೆ ಬಾರದು' ಎಂದು ಕೈಬಿಡುವ ಮುನ್ನ ಇದೊಂದನ್ನು ನೋಡಿ.

ಗುರುತಿಸುವ ವಿವರದ ಪುಟದಲ್ಲಿ ಟೂಲ್ ತಾನಾಗಿ ಬೇಕಾದ್ದಕ್ಕಿಂತ ಹೆಚ್ಚು ಟಿಕ್ ಹಾಕಿಡುತ್ತದೆ. ಫೈಲಿನ ಗಾತ್ರ, ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಸಂಖ್ಯೆ) ಎರಡರ ಟಿಕ್ಕನ್ನೂ ಹಾಗೇ ಉಳಿಸಿದರೆ ನಾಳೆ ಸಣ್ಣ ಪ್ಯಾಚ್ ಬಂದು ಇಎಕ್ಸ್‌ಇ ಬದಲಾದ ಕ್ಷಣ ಶಿಮ್ ಹೊಂದುವುದಿಲ್ಲ. ಎಲ್ಲವನ್ನೂ ತೆಗೆದು ಬರೀ ಹೆಸರಿನಿಂದ ಗುರುತಿಸಿದರೆ ಅದೇ ಹೆಸರಿನ ಬೇರೆ ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತದೆ, 'ಮೇನ್' ಅಥವಾ 'ಸ್ಟಾರ್ಟ್' ಎಂಬಂಥ ಹೆಸರಿದ್ದರೆ ಅನಾಹುತ. ಹೆಸರಿನ ಜೊತೆ ಕಂಪನಿಯ ಹೆಸರು, ಪ್ರಾಡಕ್ಟ್ ಹೆಸರು ಇದ್ದರೆ ಸಾಕು. ವಿಝಾರ್ಡಿನ 'ಟೆಸ್ಟ್ ರನ್' ಗುಂಡಿಯನ್ನು ನಂಬಬೇಡಿ. ಟೂಲೇ ಅಡ್ಮಿನ್ ಹಕ್ಕಿನಲ್ಲಿ ಓಡುತ್ತಿರುವಾಗ ಅದು ಹುಟ್ಟಿಸಿದ ಪ್ರೋಗ್ರಾಂ ಚೆನ್ನಾಗಿ ಓಡಿದ್ದರಿಂದ ಏನೂ ಸಾಬೀತಾಗುವುದಿಲ್ಲ. ನಿಜವಾದ ಪರೀಕ್ಷೆ ಸಾಮಾನ್ಯ ಖಾತೆಯಲ್ಲೇ ಆಗಬೇಕು.

ಡೇಟಾಬೇಸನ್ನು ಎಸ್‌ಡಿಬಿ ಫೈಲಾಗಿ ಉಳಿಸಿದ ಮೇಲೆ ಬೇರೆ ಯಂತ್ರಗಳಲ್ಲಿ ಈ ಟೂಲ್ ಬೇಕಿಲ್ಲ. ಪ್ರತಿ ವಿಂಡೋಸಿನಲ್ಲೂ ಇರುವ ಎಸ್‌ಡಿಬಿಇನ್ಸ್ಟ್ ಎಂಬ ಕಮಾಂಡಿಗೆ ಆ ಫೈಲಿನ ಪಾತ್ ಕೊಟ್ಟು ಅಡ್ಮಿನ್ ಹಕ್ಕಿನಲ್ಲಿ ಓಡಿಸಿದರೆ ಆಯಿತು. ಮೈನಸ್ ಕ್ಯೂ ಸೇರಿಸಿದರೆ ಪ್ರಶ್ನೆ ಕೇಳದೆ ಮುಗಿಸುತ್ತದೆ, ಮೈನಸ್ ಯು ಸೇರಿಸಿದರೆ ತೆಗೆಯುತ್ತದೆ. ನೂರು ಯಂತ್ರಗಳಿದ್ದರೂ ಒಂದು ಸ್ಕ್ರಿಪ್ಟಿನ ಕೆಲಸ. ಎಲ್ಲ ಸರಿ ಮಾಡಿಯೂ ಶಿಮ್ ಹತ್ತದಿದ್ದರೆ ಯಂತ್ರಗಳಿಗೆ ನಿಯಮ ಹೇರುವ ಗ್ರೂಪ್ ಪಾಲಿಸಿಯಲ್ಲಿ 'ಟರ್ನ್ ಆಫ್ ಅಪ್ಲಿಕೇಷನ್ ಕಂಪ್ಯಾಟಿಬಿಲಿಟಿ ಎಂಜಿನ್' ಆನ್ ಆಗಿದೆಯೇ ನೋಡಿ. ಯಾವುದೋ ಕಾಲದಲ್ಲಿ ವೇಗ ಹೆಚ್ಚಲಿ ಎಂದು ಯಾರೋ ಹಾಕಿಟ್ಟಿರುತ್ತಾರೆ.

ಹಾಗಂತ ಎಲ್ಲದಕ್ಕೂ ಶಿಮ್ ಅಲ್ಲ. ಹಲವರು ಹಂಚಿಕೊಳ್ಳುವ ಡೇಟಾ ಇದ್ದಲ್ಲಿ ಫೋಲ್ಡರಿಗೆ ಸರಿಯಾದ ಪರ್ಮಿಷನ್ ಕೊಡುವುದೇ ನೇರ ದಾರಿ, ಅಲ್ಲಿ ಈ ಟೂಲ್ ನಿಮ್ಮನ್ನು ಅಡ್ಡದಾರಿಗೆ ಎಳೆಯುತ್ತದೆ. ಡೇಟಾವನ್ನು ಪ್ರತ್ಯೇಕ ಉಪಫೋಲ್ಡರಿಗೆ ಸರಿಸಿ, ಅದೊಂದಕ್ಕೇ ಐಕ್ಯಾಕಲ್ಸ್ ಕಮಾಂಡಿನಿಂದ ಯೂಸರ್ಸ್ ಗುಂಪಿಗೆ 'ಮಾಡಿಫೈ' ಹಕ್ಕು ಕೊಡಿ. ಓಐ, ಸಿಐ ಎಂಬ ಎರಡು ಗುರುತು ಸೇರಿಸಿದರೆ ಒಳಗಿನ ಫೈಲು, ಫೋಲ್ಡರುಗಳಿಗೂ ಇಳಿಯುತ್ತದೆ. ಬೇರೆ ಭಾಷೆಯ ವಿಂಡೋಸಿನಲ್ಲಿ ಗುಂಪಿನ ಹೆಸರು ಬೇರೆ ಇರುತ್ತದೆ, ಅಲ್ಲಿ ಹೆಸರಿನ ಬದಲು ನಕ್ಷತ್ರ ಚಿಹ್ನೆ ಹಾಕಿ ಆ ಗುಂಪಿನ ಗುರುತು ಸಂಖ್ಯೆ ಎಸ್-1-5-32-545 ಬರೆಯಿರಿ. ಇಎಕ್ಸ್‌ಇ, ಡಿಎಲ್‌ಎಲ್ ಇರುವ ಫೋಲ್ಡರಿಗೆ ಮಾತ್ರ ಈ ಹಕ್ಕು ಕೊಡಬೇಡಿ. ಯಾರು ಬೇಕಾದರೂ ಇಎಕ್ಸ್‌ಇ ಬದಲಿಸಿಡಬಹುದು, ಅದನ್ನು ಮುಂದೆ ಅಡ್ಮಿನ್ ತೆರೆದರೆ ಅಲ್ಲಿಗೆ ಯಂತ್ರ ಕೈತಪ್ಪಿತು. ಪ್ರೋಗ್ರಾಮನ್ನು ಸಿ ಡ್ರೈವಿನ ಬುಡದಲ್ಲೇ ಇನ್‌ಸ್ಟಾಲ್ ಮಾಡುವ ಹಳೆಯ ಉಪಾಯವೂ ಇದೇ ತಪ್ಪು. ಅಲ್ಲಿ ಹುಟ್ಟಿದ ಫೋಲ್ಡರಿಗೆ ಲಾಗಿನ್ ಆದ ಎಲ್ಲರಿಗೂ ಬದಲಿಸುವ ಹಕ್ಕು ತಾನಾಗಿ ಇಳಿದುಬಂದಿರುತ್ತದೆ. ಕೆಲಸ ಮಾಡುತ್ತದೆ ನಿಜ, ಬಾಗಿಲು ತೆರೆದಿಟ್ಟು.

ಡೇಟಾವನ್ನು ಪ್ರೋಗ್ರಾಂಡೇಟಾ ಫೋಲ್ಡರಿಗೆ ಸರಿಸಿದವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಯಾರು ಬೇಕಾದರೂ ಹೊಸ ಫೈಲ್ ಮಾಡಬಹುದು, ಆದರೆ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ಓದಬಹುದಷ್ಟೆ, ಬದಲಿಸಲಾಗದು. ಮೊದಲು ತೆರೆದವರಿಗೆ ಎಲ್ಲ ಸರಿ, ಎರಡನೆಯವರಿಗೆ ಎರರ್. ಅಲ್ಲೂ ಉಪಫೋಲ್ಡರಿಗೆ ಮಾಡಿಫೈ ಹಕ್ಕು ಕೊಡಲೇಬೇಕು.

ಆಕ್ಸೆಸ್ ಡೇಟಾಬೇಸ್ ಬಳಸುವ ಪ್ರೋಗ್ರಾಂಗಳಲ್ಲಿ ಎಂಡಿಬಿ ಫೈಲೊಂದಕ್ಕೇ ಹಕ್ಕು ಕೊಟ್ಟು 'ಇನ್ನೂ ಓಪನ್ ಆಗುತ್ತಿಲ್ಲ' ಎನ್ನುವುದು ಬಹಳ ಸಾಮಾನ್ಯ. ಎಂಡಿಬಿ ತೆರೆದಾಗ ಪಕ್ಕದಲ್ಲೇ ಎಲ್‌ಡಿಬಿ ಎಂಬ ಲಾಕ್ ಫೈಲ್ ಹುಟ್ಟಬೇಕು, ಕೊನೆಯವರು ಮುಚ್ಚಿದಾಗ ಅಳಿಯಬೇಕು. ಹಾಗಾಗಿ ಹಕ್ಕು ಬೇಕಾದದ್ದು ಫೋಲ್ಡರಿಗೆ. ಡೆಲ್ಫಿಯಲ್ಲಿ ಬರೆದ, ಬೋರ್ಲ್ಯಾಂಡ್ ಡೇಟಾಬೇಸ್ ಎಂಜಿನ್ (ಬಿಡಿಇ) ಬಳಸುವವು ಇನ್ನೂ ಹಟಮಾರಿ. ಅವು ಪಿಡಾಕ್ಸ್‌ಯೂಸರ್ಸ್ ನೆಟ್ ಫೈಲನ್ನು ಸಿ ಡ್ರೈವಿನ ಬುಡದಲ್ಲಿ ಹುಟ್ಟಿಸಲು ಹೋಗಿ ಸೋಲುತ್ತವೆ. ಬಿಡಿಇ ಅಡ್ಮಿನಿಸ್ಟ್ರೇಟರಿನಲ್ಲಿ ಕಾನ್ಫಿಗರೇಷನ್, ಡ್ರೈವರ್ಸ್, ನೇಟಿವ್, ಪ್ಯಾರಡಾಕ್ಸ್ ತನಕ ಇಳಿದು 'ನೆಟ್ ಡಿರ್' ಎಂಬುದನ್ನು ಎಲ್ಲರಿಗೂ ಬರೆಯುವ ಹಕ್ಕಿರುವ ಒಂದು ಫೋಲ್ಡರಿಗೆ ಬದಲಿಸಿ. ಈ ಬದಲಾವಣೆಯನ್ನು ಅಡ್ಮಿನ್ ಹಕ್ಕಿನಲ್ಲಿ ಮಾಡಿ, ಇಲ್ಲದಿದ್ದರೆ ಕಾನ್ಫಿಗ್ ಫೈಲೇ ವರ್ಚುವಲ್‌ಸ್ಟೋರಿಗೆ ಹೋಗಿ ನಿಮ್ಮೊಬ್ಬರಿಗಷ್ಟೇ ಬದಲಾದೀತು. ಒಂದೇ ಡೇಟಾ ಬಳಸುವ ಎಲ್ಲ ಯಂತ್ರಗಳೂ ಒಂದೇ ನೆಟ್ ಫೈಲನ್ನು ತೋರಿಸಬೇಕು, ಬೇರೆ ಬೇರೆ ಆದರೆ ಡೈರೆಕ್ಟರಿ ಇನ್ನೊಂದು ನೆಟ್ ಫೈಲಿನ ಹಿಡಿತದಲ್ಲಿದೆ ಎಂಬ ಎರರ್ ಬರುತ್ತದೆ.

ರಿಜಿಸ್ಟ್ರಿಗೂ ಇದೇ ನಿಯಮ: ಪ್ರೋಗ್ರಾಮಿನ ಸ್ವಂತ ಕೀಗೆ ಮಾತ್ರ ಹಕ್ಕು. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಪ್ರೋಗ್ರಾಮಿನ ಕೀ ಇರುವುದು ವಾವ್6432ನೋಡ್ ಅಡಿಯಲ್ಲಿ. ಮೇಲಿನ ಸಾಫ್ಟ್‌ವೇರ್ ಕೊಂಬೆಯಲ್ಲಿ ಅದೇ ಹೆಸರಿನ ಕೀಗೆ ಹಕ್ಕು ಕೊಟ್ಟರೆ ಉಪಯೋಗವಿಲ್ಲ.

ಅದೇ ಎಡಿಕೆಯಲ್ಲಿ ಬರುವ ಸಾಮಾನ್ಯ ಖಾತೆಯಲ್ಲಿ ಪ್ರೋಗ್ರಾಂ ಎಲ್ಲಿ ಸೋಲುತ್ತದೆ ಎಂದು ಹುಡುಕುವ ಸ್ಟ್ಯಾಂಡರ್ಡ್ ಯೂಸರ್ ಅನಲೈಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಅಪ್ಲಿಕೇಷನ್ ವೆರಿಫೈಯರ್ ಎಂಬ ಇನ್ನೊಂದು ಟೂಲನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಮುಖ್ಯವಲ್ಲದ ಕರೆಗಳನ್ನೂ ರಾಶಿ ಹಾಕಿ ತೋರಿಸುತ್ತದೆ, ಅದು ಸೂಚಿಸುವ ಫಿಕ್ಸ್‌ಗಳನ್ನೆಲ್ಲ ಒಟ್ಟಿಗೆ ಹಚ್ಚಿದರೆ ಯಾವುದು ನಾಟಿತು ಎಂದೇ ತಿಳಿಯದು. ಪ್ರೋಸೆಸ್ ಮಾನಿಟರ್ ಓದಲು ಕಲಿತವರಿಗೆ ಇದು ಬೇಡ.

ಇನ್ನು 16 ಬಿಟ್ ಪ್ರೋಗ್ರಾಂಗಳು. 64 ಬಿಟ್ ವಿಂಡೋಸಿನಲ್ಲಿ ಅವು ಓಡುವುದೇ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಪ್ರೋಗ್ರಾಂ 32 ಬಿಟ್ ಆಗಿದ್ದು ಅದರ ಇನ್‌ಸ್ಟಾಲರ್ 16 ಬಿಟ್ ಆಗಿರುವುದೂ ಉಂಟು. ಅಂಥವಕ್ಕೆ ಪರ್ಮಿಷನ್, ಶಿಮ್ ಯಾವುದೂ ನಾಟುವುದಿಲ್ಲ, 32 ಬಿಟ್ ವಿಂಡೋಸ್ ಹಾಕಿದ ವರ್ಚುವಲ್ ಮೆಷಿನ್ನೇ ಖಚಿತ ದಾರಿ.

ಪ್ರೋಗ್ರಾಮನ್ನು ಮುಂದೊಂದು ದಿನ ತೆಗೆಯುವಾಗ ಅದರ ಅನ್‌ಇನ್‌ಸ್ಟಾಲರ್ ಶಿಮ್ಮನ್ನಾಗಲಿ ವರ್ಚುವಲ್‌ಸ್ಟೋರನ್ನಾಗಲಿ ಮುಟ್ಟುವುದಿಲ್ಲ. ಮೊದಲು ವರ್ಚುವಲ್‌ಸ್ಟೋರಿನಲ್ಲಿ ಬೇಕಾದ ಡೇಟಾ ಇದೆಯೇ ಎಂದು ಪ್ರತಿ ಬಳಕೆದಾರರ ಪ್ರೊಫೈಲಿನಲ್ಲೂ ನೋಡಿ ತೆಗೆದಿಟ್ಟುಕೊಳ್ಳಿ, ಆಮೇಲೆ ಆ ಫೋಲ್ಡರ್ ಅಳಿಸಿ, ಕೊನೆಗೆ ಎಸ್‌ಡಿಬಿಇನ್ಸ್ಟ್ ಮೈನಸ್ ಯು. ಈ ಕ್ರಮ ತಪ್ಪಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಹೊಸ ಪ್ರೋಗ್ರಾಂ ಮೊದಲ ದಿನವೇ ಹಳೆಯ ಐಎನ್‌ಐ ಓದಿಕೊಂಡು ಹಳೆಯ ಸರ್ವರನ್ನು ಹುಡುಕತೊಡಗುತ್ತದೆ.